ಹಾಡು ಬರೆದವರ ಹೆಸರೂ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೂರು ವಾರದಿಂದ ಓದುಗರ ಮೆಚ್ಚಿನ ಐದು ಚಿತ್ರಗೀತೆಗಳ ಪಟ್ಟಿ ಬರುತ್ತಿದೆ. ಪೇಪರ್ ಬಂದ ಕೂಡಲೇ ನಾನು ಮೊದಲು ಬಿಡಿಸುವುದು ಅದೇ ಪುಟ. ಒಂದೊಂದು ಹಾಡಿನ ಮೊದಲ ಸಾಲು ಓದುವಾಗಲೂ ಉಳಿದ ಸಾಲುಗಳು ತಾವಾಗಿ ಬಾಯಿಗೆ ಬರುತ್ತವೆ. ಒಳ್ಳೆಯ ಕೆಲಸ ಮಾಡುತ್ತಿದ್ದೀರಿ. ಮೊದಲು ಅದಕ್ಕೆ ಧನ್ಯವಾದ.

ಆದರೆ ಒಂದು ಕೊರತೆ ಇದೆ. ಪಟ್ಟಿಯಲ್ಲಿ ಹಾಡಿನ ಸಾಲು ಇದೆ, ಸಿನಿಮಾ ಹೆಸರಿದೆ, ನಾಯಕ ನಟರ ಹೆಸರಿದೆ, ಹಾಡಿದವರ ಹೆಸರಿದೆ. ಬರೆದವರ ಹೆಸರು ಎಲ್ಲೂ ಇಲ್ಲ. ನನ್ನ ಕಣ್ಣಿಗೆ ಬೀಳಲಿಲ್ಲವೇನೋ ಅಂತ ಮೂರು ವಾರದ ಪುಟಗಳನ್ನೂ ಹರಡಿಕೊಂಡು ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಇಲ್ಲವೇ ಇಲ್ಲ. ಅದಕ್ಕೇ ಈ ಪತ್ರ.

ನಾನು ಬ್ಲೌಸ್ ಹೊಲಿಯುವವಳು. ತರೀಕೆರೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಭದ್ರಾವತಿಗೆ ಬಂದದ್ದು 1977ರಲ್ಲಿ. ಓದಿದ್ದು ಏಳನೇ ಕ್ಲಾಸು. ನಮ್ಮ ಯಜಮಾನರು ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಪತ್ರಿಕೆಗಳು ಅಚ್ಚಾಗುವ ನ್ಯೂಸ್‌ಪ್ರಿಂಟ್ ಕಾಗದ ಮಾಡುತ್ತಿದ್ದ ಮಿಲ್ಲು ಅದು. ಈಗ ಬಾಗಿಲು ಹಾಕಿದೆ. ಆ ಕಾಲದಲ್ಲಿ ಅವರು ಶಿಫ್ಟಿಗೆ ಹೋದರೆ ಮನೆಯಲ್ಲಿ ನಾನು, ಅತ್ತೆ, ಹೊಲಿಗೆ ಮೆಷಿನ್ನು ಮತ್ತು ಕಿಟಕಿಯ ಮೇಲಿದ್ದ ರೇಡಿಯೊ. ಆ ರೇಡಿಯೊಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಮಾವನವರು ಆ ಲೈಸೆನ್ಸ್ ಪುಸ್ತಕವನ್ನು ಜಮೀನಿನ ಪತ್ರದ ಜೊತೆಗೇ ಟ್ರಂಕಿನಲ್ಲಿ ಇಡುತ್ತಿದ್ದರು.

ನಮ್ಮೂರಿನಲ್ಲಿ ಆಕಾಶವಾಣಿ ನಿಲಯ ಶುರುವಾಗಿದ್ದು 1965ರಲ್ಲಿ. ನನ್ನ ಪಾಲಿಗೆ ಹೈಸ್ಕೂಲು, ಕಾಲೇಜು ಎಲ್ಲಾ ಅದೇ. ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ ಪ್ರತಿ ಹಾಡಿಗೂ ಮೊದಲು ಉದ್ಘೋಷಕರು ಹೇಳುತ್ತಿದ್ದರು. ಚಿತ್ರ ಇಂಥದ್ದು, ರಚನೆ ಇಂಥವರದ್ದು, ಸಂಗೀತ ಇಂಥವರದ್ದು, ಹಾಡಿದವರು ಇಂಥವರು. ಒಂದೇ ಉಸಿರಿನಲ್ಲಿ, ಅವಸರ ಇಲ್ಲದೆ, ಎಲ್ಲರಿಗೂ ಒಂದೇ ಸಮ ಮರ್ಯಾದೆ ಕೊಟ್ಟು.

ಕಾಲಲ್ಲಿ ತುಳಿಯುವ ಮೆಷಿನ್ನಿನ ಸದ್ದು ನಿಮಗೆ ಗೊತ್ತಿರಬಹುದು. ಅದು ಓಡುತ್ತಿದ್ದರೆ ಮಾತು ಕೇಳಿಸುವುದಿಲ್ಲ, ಹಾಡು ಮಾತ್ರ ಕೇಳಿಸುತ್ತದೆ. ಹಾಗಾಗಿ ನಾನು ಉದ್ಘೋಷಕರ ದನಿ ಬಂದ ಕೂಡಲೇ ಕಾಲು ನಿಲ್ಲಿಸಿ, ಬಲಗೈಯಿಂದ ಚಕ್ರ ಹಿಡಿದುಬಿಡುತ್ತಿದ್ದೆ. ಹೆಸರುಗಳೆಲ್ಲ ಹೇಳಿ ಮುಗಿದು ಹಾಡು ಶುರುವಾದ ಮೇಲೆ ಮತ್ತೆ ತುಳಿತ. ಕೇಳಿದ ಹೆಸರನ್ನು ಮರೆಯುವ ಮುಂಚೆ ಬರೆದಿಡಬೇಕಲ್ಲ? ಪಕ್ಕದಲ್ಲಿ ಬ್ಲೌಸಿನ ಪೇಪರ್ ಕಟಿಂಗ್ ಇರುತ್ತಿತ್ತು. ಹಳೇ ಪತ್ರಿಕೆಯಲ್ಲಿ ಕತ್ತರಿಸಿದ ತೋಳು, ಬೆನ್ನು, ಎದೆ ಭಾಗ. ಅದರ ಅಂಚಿನಲ್ಲೇ ಪೆನ್ಸಿಲ್ಲಿನಿಂದ ಬರೆಯುತ್ತಿದ್ದೆ. ರಾತ್ರಿ ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ನೂರಿಪ್ಪತ್ತು ಹಾಳೆಯ ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಎಡಗಡೆ ಹಾಡು, ಬಲಗಡೆ ಮೂರು ಗೆರೆ: ಬರೆದವರು, ಸಂಗೀತ, ಹಾಡಿದವರು. ಸಾಹಿತ್ಯವನ್ನೂ ಹಾಗೇ ಬರೆದುಕೊಂಡೆ. ಒಂದು ಸಲ ಹಾಡು ಬಂದರೆ ಎರಡು ಸಾಲು ಸಿಗುತ್ತಿತ್ತು. ಕೇಳಿಸದ ಪದದ ಜಾಗದಲ್ಲಿ ಚುಕ್ಕಿ ಇಟ್ಟು ಬಿಡುತ್ತಿದ್ದೆ. ಆ ಚುಕ್ಕಿ ತುಂಬಲು ಕೆಲವು ಸಲ ಮೂರು ತಿಂಗಳು ಕಾಯಬೇಕಾಗುತ್ತಿತ್ತು.

ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ನಿಮ್ಮ ಹಿರಿಯ ಓದುಗರಿಗೆ ನೆನಪಿರುತ್ತದೆ. ತೆಳು ಬಣ್ಣದ ಕಾಗದ, ಅರ್ಧ ಕಥೆ, ಕೊನೆಗೆ 'ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ'. ಅಷ್ಟು ಅಗ್ಗದ ಪುಸ್ತಕದಲ್ಲೂ ಹಾಡು ಬರೆದವರ ಹೆಸರು ಇರುತ್ತಿತ್ತು.

ಒಂದು ಸಲ ಧೈರ್ಯ ಮಾಡಿ 15 ಪೈಸೆ ಕಾರ್ಡಿನಲ್ಲಿ ಕೋರಿಕೆ ಕಳಿಸಿದೆ. 'ಸಾಕ್ಷಾತ್ಕಾರ' ಚಿತ್ರದ 'ಒಲವೇ ಜೀವನ ಸಾಕ್ಷಾತ್ಕಾರ' ಬೇಕು ಅಂತ. ಹದಿನೈದು ದಿನ ಆದ ಮೇಲೆ ಒಂದು ಮಧ್ಯಾಹ್ನ ಕೋರಿಕೆಯವರ ಹೆಸರುಗಳ ಮಧ್ಯೆ ನನ್ನ ಹೆಸರು ಬಂತು. ಅದರ ಹಿಂದೆಯೇ 'ರಚನೆ ಕಣಗಾಲ್ ಪ್ರಭಾಕರ ಶಾಸ್ತ್ರಿ, ಸಂಗೀತ ಎಂ. ರಂಗರಾವ್' ಅಂತ ಬಂತು. ಮಾವನವರು ಜಗಲಿಯಲ್ಲಿ ಕೂತಿದ್ದರು. 'ಮನೆ ಹೆಣ್ಣುಮಕ್ಕಳ ಹೆಸರು ಊರಿಗೆಲ್ಲ ಕೇಳಿಸಬೇಕಾ?' ಅಂದರು. ಅತ್ತೆ ಒಳಗಿನಿಂದಲೇ ಹೇಳಿದರು: 'ಬಿಡ್ರಿ, ಅಷ್ಟು ದೊಡ್ಡೋರ ಹೆಸರಿನ ಜೊತೆಗೆ ನಮ್ಮ ಹುಡುಗಿ ಹೆಸರೂ ಬಂತಲ್ಲ.' ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೂ ಹಾಡು ಬರೆಯುವವರು ದೊಡ್ಡವರು ಅಂತ ಅವರಿಗೆ ಗೊತ್ತಿತ್ತು. ಯಾಕೆಂದರೆ ದಿನಾ ಆ ಹೆಸರುಗಳು ಅವರ ಕಿವಿಗೆ ಬೀಳುತ್ತಿದ್ದವು.

ಈಗ ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ.

'ಹೊಸ ಬೆಳಕು' ಸಿನಿಮಾ ಬಂದದ್ದು 1982ರಲ್ಲಿ. ಅದರಲ್ಲಿ 'ತೆರೆದಿದೆ ಮನೆ ಓ ಬಾ ಅತಿಥಿ' ಅಂತ ಒಂದು ಹಾಡು. ಎಸ್. ಜಾನಕಿ ಮತ್ತು ವಾಣಿ ಜಯರಾಂ ಇಬ್ಬರೂ ಸೇರಿ ಹಾಡಿದ್ದಾರೆ. ರೇಡಿಯೊದಲ್ಲಿ ಮೊದಲ ಸಲ ಬಂದಾಗ ನಾನು ಒಂದು ಮದುವೆ ಬ್ಲೌಸಿಗೆ ಹೆಮ್ಮಿಂಗ್ ಹಾಕುತ್ತಾ ಕೂತಿದ್ದೆ. ಉದ್ಘೋಷಕಿ 'ರಚನೆ ಕುವೆಂಪು' ಅಂದರು. ಸೂಜಿ ಕೈಯಲ್ಲೇ ನಿಂತಿತು. ಏಳನೇ ಕ್ಲಾಸಿನವರೆಗೆ ಪಠ್ಯಪುಸ್ತಕದಲ್ಲಿ ನೋಡಿದ್ದ ಹೆಸರು ಅದು. ಪರೀಕ್ಷೆಗೆ ಓದಿ ಬಿಟ್ಟ ಹೆಸರು. ನಮ್ಮ ಜಿಲ್ಲೆಯವರು, ತೀರ್ಥಹಳ್ಳಿ ಕುಪ್ಪಳಿಯವರು. ಅವರು ಬರೆದದ್ದು ಹೀಗೂ ಕಿವಿಗೆ ಬೀಳುತ್ತದಾ? ಯಾವ ರೂಪದಲ್ಲಿ ಬಂದರೂ ಸರಿ, ಯಾವ ವೇಷದಲ್ಲಿ ಬಂದರೂ ಸರಿ, ಬಾ ಅಂತ ಬಾಗಿಲು ತೆರೆದಿಟ್ಟು ಕರೆಯುವ ಹಾಡು. ನನಗೆ ಆಗ ಇಬ್ಬರು ಚಿಕ್ಕ ಮಕ್ಕಳು. ಮನೆ ಬಿಟ್ಟು ಎಲ್ಲಿಗೂ ಹೋಗದ ಕಾಲ. ಆ ಹಾಡು ಕೇಳಿದಾಗ ಬಾಗಿಲಲ್ಲಿ ಯಾರೋ ನಿಂತ ಹಾಗೇ ಅನಿಸಿತು.

ಅವತ್ತು ಯಜಮಾನರಿಗೆ ಹೇಳಿದೆ, ಲೈಬ್ರರಿಯಿಂದ ಕುವೆಂಪು ಅವರ ಒಂದು ಪುಸ್ತಕ ತನ್ನಿ ಅಂತ. ಅವರಿಗೆ ಆಶ್ಚರ್ಯ. ತಂದುಕೊಟ್ಟರು. ಮದುವೆಯಾದ ಮೇಲೆ ನಾನು ಪೂರ್ತಿ ಓದಿದ ಮೊದಲನೇ ಪುಸ್ತಕ ಅದು. ಆಮೇಲೆ ಬೇಂದ್ರೆಯವರ ಪುಸ್ತಕ ತರಿಸಿದೆ. ಅವರ ಹೆಸರೂ ರೇಡಿಯೊದಿಂದಲೇ ಸಿಕ್ಕಿದ್ದು. 'ಕುಲವಧು' ಚಿತ್ರದ 'ಯುಗ ಯುಗಾದಿ ಕಳೆದರೂ', 'ಬೆಳ್ಳಿಮೋಡ' ಚಿತ್ರದ 'ಮೂಡಲ ಮನೆಯ', 'ಶರಪಂಜರ' ಚಿತ್ರದ 'ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ'. ಮೂರೂ ಬೇಂದ್ರೆ. ಯುಗಾದಿ ದಿನ ಟಿವಿಯಲ್ಲಿ ಆ ಮೊದಲನೇ ಹಾಡು ಬಾರದ ವರ್ಷವೇ ಇಲ್ಲ ಅಲ್ವಾ? 'ಮಾನಸ ಸರೋವರ'ದಿಂದ ಜಿ.ಎಸ್. ಶಿವರುದ್ರಪ್ಪನವರು ಸಿಕ್ಕಿದರು. 'ಹಾಡು ಹಳೆಯದಾದರೇನು' ಅವರದ್ದು. ಅವರು ಕುವೆಂಪು ಅವರ ಶಿಷ್ಯರು ಅಂತ ಆಮೇಲೆ ಓದಿ ತಿಳಿದುಕೊಂಡೆ. ಗುರುವೂ ರಾಷ್ಟ್ರಕವಿ, ಶಿಷ್ಯರೂ ರಾಷ್ಟ್ರಕವಿ, ಇಬ್ಬರೂ ನಮ್ಮ ಶಿವಮೊಗ್ಗ ಜಿಲ್ಲೆಯವರು. ಇಬ್ಬರೂ ನನ್ನ ಹೊಲಿಗೆ ಮೆಷಿನ್ನಿನ ಹತ್ತಿರಕ್ಕೇ ಬಂದರು. ಉದ್ಘೋಷಕರು ಆ ಒಂದು ಪದ, 'ರಚನೆ', ಹೇಳದೇ ಇದ್ದಿದ್ದರೆ ನನಗೆ ಅದು ಬರೀ ಒಂದು ಸಿನಿಮಾ ಹಾಡಾಗಿ ಮುಗಿದುಹೋಗುತ್ತಿತ್ತು.

ಹೋದ ಡಿಸೆಂಬರಿನಲ್ಲಿ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಎಂಟು ಹುಡುಗಿಯರು ಇದೇ 'ತೆರೆದಿದೆ ಮನೆ' ಹಾಡಿದರು. ಸೊಗಸಾಗಿ ಹಾಡಿದರು. ಅವರ ರೇಷ್ಮೆ ಲಂಗದ ಬ್ಲೌಸುಗಳಲ್ಲಿ ನಾಲ್ಕು ನಾನೇ ಹೊಲಿದದ್ದು. ಹಾಡಿಗೆ ಮುಂಚೆ ಮೈಕಿನಲ್ಲಿ ಹೇಳಿದ್ದು ಇಷ್ಟು: 'ಈಗ ಡಾ. ರಾಜ್‌ಕುಮಾರ್ ಅವರ ಹೊಸ ಬೆಳಕು ಚಿತ್ರದ ಹಾಡು.' ಕುವೆಂಪು ಬೆಳೆದ ಜಿಲ್ಲೆಯಲ್ಲಿ, ಕುವೆಂಪು ಹುಟ್ಟಿದ ಡಿಸೆಂಬರ್ ತಿಂಗಳಲ್ಲಿ, ಕುವೆಂಪು ಹಾಡಿಗೆ ಕುವೆಂಪು ಹೆಸರಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮೊಮ್ಮಗಳು ಹಾಡಿದ್ದಕ್ಕೆ ಅಮ್ಮ ಖುಷಿಯಿಂದ ಅಳುತ್ತಿದ್ದಾಳೆ ಅಂತ ಪಕ್ಕದಲ್ಲಿದ್ದ ಮಗಳು ಅಂದುಕೊಂಡಳು.

ಮುಗಿದ ಮೇಲೆ ಆ ಟೀಚರ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಚಿಕ್ಕ ವಯಸ್ಸಿನ ಹುಡುಗಿ. 'ಹೌದಾ ಅಮ್ಮಾ? ನಿಜವಾಗ್ಲೂ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿ ಕಲಿಸಿದೆ, ಅದರಲ್ಲಿ ಹೆಸರೇ ಇರಲಿಲ್ಲ' ಅಂದಳು. ಅವಳ ಮೇಲೆ ನನಗೆ ಕೋಪ ಇಲ್ಲ. ಅವಳಿಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೇ. ಮನೆಗೆ ಬಂದು ಮೊಮ್ಮಗಳ ಕೈಯಲ್ಲಿ ಫೋನು ತೆಗೆಸಿ ನೋಡಿದೆ. 'ಅಣ್ಣಾವ್ರ ಹಿಟ್ಸ್' ಅಂತ ಒಂದು ಪಟ್ಟಿ, 'ವಿಷ್ಣು ಹಿಟ್ಸ್' ಅಂತ ಇನ್ನೊಂದು. 'ಬಂಧನ' ಚಿತ್ರದ 'ನೂರೊಂದು ನೆನಪು' ತೆಗೆದರೆ ವಿಷ್ಣುವರ್ಧನ್ ಫೋಟೊ ಬರುತ್ತದೆ, ಎಸ್‌ಪಿಬಿ ಹೆಸರು ಬರುತ್ತದೆ. ಬರೆದ ಆರ್.ಎನ್. ಜಯಗೋಪಾಲ್ ಅವರ ಹೆಸರು ಮಾತ್ರ ಬರಲಿಲ್ಲ.

ವಿಷ್ಣುವರ್ಧನ್ ಅವರ ಮೇಲೆ ನನಗೂ ಪ್ರೀತಿ ಇದೆ. ಅವರು ಆ ಹಾಡಿಗೆ ಕೊಟ್ಟ ಮುಖ ಬೇರೆ ಯಾರೂ ಕೊಡಲು ಆಗುತ್ತಿರಲಿಲ್ಲ. ಆದರೆ ಪ್ರೀತಿ ಕೈ ತಪ್ಪಿದವನು ನೆನಪುಗಳನ್ನು ನೂರಕ್ಕೆ ನಿಲ್ಲಿಸದೆ ನೂರೊಂದು ಅಂದನಲ್ಲ, ಆ ಇನ್ನೊಂದು ಎಲ್ಲಿಂದ ಬಂತು? ಶುಭ ಕಾರ್ಯಕ್ಕೆ ಮುಯ್ಯಿ ಬರೆಸುವಾಗ ನಾವು ಮೇಲೊಂದು ರೂಪಾಯಿ ಇಟ್ಟು ಕೊಡುತ್ತೇವಲ್ಲ, ಹಾಗೆ ಬಂದ ಒಂದು ಅದು. ಅಷ್ಟು ದುಃಖದ ಹಾಡಿನಲ್ಲೂ ಹಾರೈಸಿ ಕೊಟ್ಟ ಹಾಗಿದೆ. ಅದನ್ನು ಕೂತು ಯೋಚನೆ ಮಾಡಿ ಬರೆದವರು ಒಬ್ಬರಿದ್ದರು.

ಸಿನಿಮಾದಲ್ಲಿ ಜಾಸ್ತಿ ಹಾಡುಗಳಿಗೆ ಟ್ಯೂನ್ ಮೊದಲು, ಪದ ಆಮೇಲೆ. ಇದನ್ನು ಓದಿ ತಿಳಿದಾಗ ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಹತ್ತಿರ ಅಳತೆ ಬ್ಲೌಸ್ ಕೊಟ್ಟು ಹೋಗುತ್ತಾರೆ. ಆ ಅಳತೆ ಬಿಟ್ಟು ಒಂದು ನೂಲಿನಷ್ಟೂ ಆಚೆ ಈಚೆ ಹೋಗುವ ಹಾಗಿಲ್ಲ. ಹಾಗಂತ ಕಂಕುಳಲ್ಲಿ ಹಿಡಿಯಲೂ ಬಾರದು, ಭುಜದಲ್ಲಿ ಜಾರಲೂ ಬಾರದು. ಟ್ಯೂನಿಗೆ ಪದ ಕೂರಿಸುವುದೂ ಅಂಥದ್ದೇ ಕೆಲಸ. ಅಷ್ಟರ ಮೇಲೆ ಅದು ಆ ಪಾತ್ರದ ಬಾಯಿಗೆ ಒಪ್ಪಬೇಕು, ಹಳ್ಳಿಯವರಿಗೂ ತಿಳಿಯಬೇಕು. ನಮ್ಮ ಹೆಂಗಸರು ಮದುವೆ ಮನೆಯಲ್ಲಿ ಒಂದು ಒಳ್ಳೆ ಬ್ಲೌಸ್ ನೋಡಿದರೆ ಮೊದಲು ಏನು ಕೇಳುತ್ತಾರೆ? 'ಯಾರ ಹತ್ರ ಹೊಲಿಸಿದ್ರಿ?' ಬಟ್ಟೆ ಯಾವ ಅಂಗಡಿಯದು ಅಂತ ಕೇಳುವುದು ಆಮೇಲೆ. ಹಾಡಿಗೆ ಮಾತ್ರ ಯಾಕೆ ಈ ಪ್ರಶ್ನೆ ಕೇಳುವುದಿಲ್ಲ?

'ಸನಾದಿ ಅಪ್ಪಣ್ಣ'ದ 'ಕರೆದರೂ ಕೇಳದೆ' ಅಂದರೆ ಎಲ್ಲರಿಗೂ ಬಿಸ್ಮಿಲ್ಲಾ ಖಾನರ ಶಹನಾಯಿ ನೆನಪಾಗುತ್ತದೆ. ನೆನಪಾಗಲೇಬೇಕು. ಅದನ್ನು ಬೆನ್ನು ಹತ್ತಿ ಹೋಗುವ ಜಾನಕಿಯಮ್ಮನ ದನಿ ನೆನಪಾಗುತ್ತದೆ. ಜಿ.ಕೆ. ವೆಂಕಟೇಶ್ ಅವರ ಹೆಸರನ್ನೂ ಕೆಲವರು ಹೇಳುತ್ತಾರೆ. ಆ ಶಹನಾಯಿಯ ಪಕ್ಕ ಕುಳಿತುಕೊಳ್ಳಬಲ್ಲ ಕನ್ನಡ ಪದ ಹುಡುಕಿದವರು ಚಿ. ಉದಯಶಂಕರ್. 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು ಬೀಳಿಸಿ ನೋಡು' ಅವರದ್ದೇ. 'ಗಂಧದ ಗುಡಿ'ಯ 'ನಾವಾಡುವ ನುಡಿಯೇ ಕನ್ನಡ ನುಡಿ' ಅವರದ್ದೇ. 'ಗೀತಾ'ದ 'ಜೊತೆಯಲಿ ಜೊತೆಜೊತೆಯಲಿ' ಕೂಡ ಅವರದ್ದೇ. ನನ್ನ ನೋಟ್‌ಬುಕ್ಕಿನಲ್ಲಿ ಅವರ ಹೆಸರನ್ನು ಎಷ್ಟು ಸಲ ಬರೆದಿದ್ದೇನೆ ಅಂದರೆ ಕೊನೆಕೊನೆಗೆ ಸುಮ್ನೆ 'ಚಿ.ಉ.' ಅಂತ ಬರೆಯುತ್ತಿದ್ದೆ.

ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಜಾನಕಿಯಮ್ಮ ಗುಂಟೂರು ಕಡೆಯವರು. ಇವರೆಲ್ಲ ಕನ್ನಡವನ್ನು ಒಂದಕ್ಷರ ತಪ್ಪದ ಹಾಗೆ ಹಾಡಿದರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಹೇಳುತ್ತೇನೆ. ಆ ಅಕ್ಷರ ಬರೆದು ಅವರ ಕೈಗೆ ಕೊಟ್ಟವರೂ ಇದ್ದರಲ್ಲವೇ?

ಇದು ಬರೀ ಹೆಸರಿನ ಮಾತೂ ಅಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದು, ಸಿನಿಮಾ ಹಾಡು ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಪಾಲು ಸಿಗಬೇಕು ಅಂತ ಆಯಿತು. ಅವರು ಇಲ್ಲದಿದ್ದರೆ ಅವರ ಮನೆಯವರಿಗೆ. ಹಾಡಿನ ಜೊತೆ ಬರೆದವರ ಹೆಸರೇ ಇಲ್ಲದಿದ್ದರೆ ಆ ಹಾಡು ಯಾರದ್ದು ಅಂತ ನಾಳೆ ಯಾರು ಹೇಳುತ್ತಾರೆ?

ನನ್ನ ಐದು ಹಾಡು ಯಾವುದು ಅಂತಲೂ ಹೇಳಿಬಿಡುತ್ತೇನೆ. ನಿಮ್ಮ ಪಟ್ಟಿಗೆ ಹಾಕಿಕೊಳ್ಳಿ. 'ತೆರೆದಿದೆ ಮನೆ' ಮತ್ತು 'ಒಲವೇ ಜೀವನ ಸಾಕ್ಷಾತ್ಕಾರ' ಎರಡರ ಕಥೆ ಆಗಲೇ ಹೇಳಿದೆ.

ಮೂರನೆಯದು 1964ರ 'ನಾಂದಿ' ಚಿತ್ರದ 'ಹಾಡೊಂದ ಹಾಡುವೆ ನೀ ಕೇಳು ಮಗುವೇ'. ರಚನೆ ಆರ್.ಎನ್. ಜಯಗೋಪಾಲ್, ಸಂಗೀತ ವಿಜಯಭಾಸ್ಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್. ನನ್ನ ಇಬ್ಬರು ಮಕ್ಕಳನ್ನೂ, ಆಮೇಲೆ ಮೊಮ್ಮಗಳನ್ನೂ ಇದೇ ಹಾಡು ಹೇಳಿ ಮಲಗಿಸಿದ್ದೇನೆ. ಆ ಸಿನಿಮಾ ಕಿವಿ ಕೇಳದ, ಮಾತು ಬಾರದವರ ಬದುಕಿನ ಕಥೆ ಅಂತ ಎಷ್ಟೋ ವರ್ಷ ಆದ ಮೇಲೆ ಟಿವಿಯಲ್ಲಿ ನೋಡಿದಾಗ ತಿಳಿಯಿತು. ಅಂಥ ಕಥೆಯಲ್ಲಿ 'ನೀ ಕೇಳು' ಅಂತ ಬರೆಯಲು ಎಂಥ ಮನಸ್ಸು ಬೇಕು. ಅವತ್ತಿನಿಂದ ಆ ಹಾಡನ್ನು ಮೊದಲಿನ ಹಾಗೆ ಹಾಡಲು ನನಗೆ ಆಗಿಲ್ಲ. ಆ ಜಾಗ ಬಂದಾಗ ದನಿ ತಡೆಯುತ್ತದೆ.

ನಾಲ್ಕನೆಯದು 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ 'ವಿರಹಾ ನೂರು ನೂರು ತರಹ'. ರಚನೆ ವಿಜಯನಾರಸಿಂಹ, ಸಂಗೀತ ಎಂ. ರಂಗರಾವ್, ಹಾಡಿದವರು ಎಸ್. ಜಾನಕಿ. ಯಜಮಾನರು ನೈಟ್ ಶಿಫ್ಟಿಗೆ ಹೋದ ದಿನಗಳ ಹಾಡು ಇದು. ಇಷ್ಟು ಹೇಳಿದರೆ ಸಾಕು.

ಐದನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1978ರ 'ಪರಸಂಗದ ಗೆಂಡೆತಿಮ್ಮ' ಚಿತ್ರದ 'ತೇರಾ ಏರಿ ಅಂಬರದಾಗೆ'. ರಚನೆ ದೊಡ್ಡರಂಗೇಗೌಡ, ಸಂಗೀತ ರಾಜನ್-ನಾಗೇಂದ್ರ, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ನಾನು ಆಗ ಹೊಸದಾಗಿ ಪೇಟೆಗೆ ಬಂದಿದ್ದೆ. ಬಾಯಿ ಬಿಟ್ಟರೆ ಹಳ್ಳಿ ಮಾತು ಬರುತ್ತಿತ್ತು. 'ಮನೆಯಾಗೆ', 'ಕೈಯಾಗೆ' ಅಂದುಬಿಡುತ್ತಿದ್ದೆ. ಬ್ಲೌಸ್ ಕೊಡಲು ಬಂದವರು ನಗುತ್ತಿದ್ದರು. ಅದಕ್ಕೇ ಕೆಲವು ತಿಂಗಳು ನಾನು ಗಿರಾಕಿಗಳ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದ್ದೆ. ಒಂದು ದಿನ ಬೆಳಗ್ಗೆ ರೇಡಿಯೊದಲ್ಲಿ ಈ ಹಾಡು ಬಂತು. 'ಅಂಬರದಲ್ಲಿ' ಅಲ್ಲ, 'ಅಂಬರದಾಗೆ'. ಸೂರ್ಯ ಹುಟ್ಟುವುದನ್ನು ನಮ್ಮ ಮಾತಿನಲ್ಲೇ ಹೇಳುತ್ತಿದ್ದರು. ಕೊಳಲು, ತಾಳ, ಅಷ್ಟು ದೊಡ್ಡ ಗಾಯಕರು, ಎಲ್ಲರೂ ಸೇರಿ ನನ್ನೂರಿನ ಮಾತನ್ನು ತೇರಿನ ಮೇಲೆ ಕೂರಿಸಿದ ಹಾಗೆ ಆಯಿತು. ಅವತ್ತು ಮಧ್ಯಾಹ್ನ ಬಂದ ಗಿರಾಕಿಗೆ 'ತೋಳಿನಾಗೆ ಸ್ವಲ್ಪ ಬಟ್ಟೆ ಬಿಟ್ಟಿದ್ದೀನಿ, ಬೇಕಾದ್ರೆ ಬಿಚ್ಚಿ ಹೊಲಿಬಹುದು' ಅಂತ ಧಾರಾಳವಾಗಿ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೂ ನನಗೆ ಏನೂ ಅನಿಸುತ್ತಿರಲಿಲ್ಲ.

2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ಆಯಿತು. ಅಧ್ಯಕ್ಷರು ಇದೇ ದೊಡ್ಡರಂಗೇಗೌಡರು. ಟಿವಿಯಲ್ಲಿ ಮೆರವಣಿಗೆ ತೋರಿಸುತ್ತಿದ್ದಾಗ ಯಜಮಾನರನ್ನು ಕೂಗಿ ಕರೆದೆ. 'ನೋಡ್ರಿ, ನಮ್ಮ ಅಂಬರದಾಗೆ ಬರೆದೋರು ರಥದಾಗೆ ಕೂತವ್ರೆ' ಅಂದೆ. ನೋಟ್‌ಬುಕ್ ತಂದು ಆ ಪುಟ ತೆಗೆದು ತೋರಿಸಿದೆ. ಬಲಗಡೆ ಮೊದಲನೇ ಗೆರೆಯಲ್ಲಿ ಅವರ ಹೆಸರಿತ್ತು. ಪೆನ್ಸಿಲ್ಲು ಮಾಸಿದೆ, ಆದರೆ ಓದಬಹುದು.

ಸಂಪಾದಕರೇ, ನನ್ನ ಬೇಡಿಕೆ ಚಿಕ್ಕದು. ಮುಂದಿನ ಭಾನುವಾರದಿಂದ ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ. ಓದುಗರಿಗೂ ಹೇಳಿ, ಹಾಡು ಕಳಿಸುವಾಗ ಬರೆದವರು ಯಾರು ಅಂತ ನೋಡಿ ಕಳಿಸಿ ಅಂತ. ಹುಡುಕುವ ನೆಪದಲ್ಲಿ ಅವರಿಗೂ ಒಬ್ಬರು ಬೇಂದ್ರೆ, ಒಬ್ಬರು ಜಯಗೋಪಾಲ್ ಸಿಗಲಿ. ಜಾಗ ಸಾಲದಿದ್ದರೆ ನಾಯಕರ ಫೋಟೊ ಒಂದಿಂಚು ಚಿಕ್ಕದು ಮಾಡಿ. ಅಭಿಮಾನಿಗಳು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮಗೆ ಯಾವುದಾದರೂ ಹಳೇ ಹಾಡಿನ ಹೆಸರು ಸಿಗದೇ ಹೋದರೆ ಒಂದು ಕಾರ್ಡು ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ನೋಡಿ ಹೇಳುತ್ತೇನೆ.

ಇಂತಿ ನಿಮ್ಮ ಓದುಗಿ,
ಜನ್ನಾಪುರ, ಭದ್ರಾವತಿ